ಸೆಕೆಗಾಲದ ಮಧ್ಯಾಹ್ನ ಉಮ್ಮನ ಕೈಗೆ ಎಂತ ಕೆಲಸ?

ಏಪ್ರಿಲ್ ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಅಂಗಳ ಖಾಲಿ. ಬಿಸಿಲಿಗಿಂತ ಸೆಕೆಯದ್ದೇ ಉಪದ್ರ. ಬೆವರು ಸುರಿಯುತ್ತದೆ, ಆರುವುದಿಲ್ಲ. ರಜೆಯಲ್ಲಿರುವ ಮಕ್ಕಳು ಹೇಗಾದರೂ ಹೊತ್ತು ಕಳೆಯುತ್ತಾರೆ. ಆದರೆ ಲುಹರ್ ನಮಾಝ್ ಮುಗಿಸಿ, ಊಟ ಮಾಡಿ, ಅಸರ್ ತನಕ ಫ್ಯಾನಿನ ಕೆಳಗೆ ಸುಮ್ಮನೆ ಕೂರುವ ಹಿರಿಯರ ಕಥೆ ಏನು? ಹೊರಗೆ ಹೋಗಬೇಡಿ ಎಂದು ನಾವೇ ಹೇಳುತ್ತೇವೆ. ಒಳಗೆ ಎಂತ ಮಾಡುದು ಎಂದು ಮಾತ್ರ ಹೇಳುವುದಿಲ್ಲ.

ನಮ್ಮ ಉಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ, ಎಲೆ ಕತ್ತರಿಸಲು ಕತ್ತರಿ, ಪಕ್ಕದಲ್ಲಿ ನೂಲು. ಸಾವಿರಕ್ಕೆ ಇಷ್ಟು ಎಂದು ಸಿಗುತ್ತಿದ್ದ ಆ ಹಣದಲ್ಲೇ ನಾವು ಪಿಯುಸಿ ತನಕ ಓದಿದ್ದು. ಈ ಪುಟ ಓದುವ ಎಷ್ಟೋ ಮನೆಗಳದ್ದು ಇದೇ ಕಥೆ. ಹೊಗೆಸೊಪ್ಪಿನ ಧೂಳಿಗೆ ಕೆಮ್ಮು ಹೆಚ್ಚಾದಾಗ ನಾವೇ ಒತ್ತಾಯ ಮಾಡಿ ಬಿಡಿಸಿದೆವು. ಕೆಮ್ಮು ಕಡಿಮೆಯಾಯಿತು. ಆದರೆ ಕೈ ಸುಮ್ಮನೆ ಕೂರಲಿಲ್ಲ. ಮಾತಾಡುತ್ತಿದ್ದಾಗಲೂ ಸೆರಗಿನ ತುದಿಯನ್ನು ಬೆರಳುಗಳು ಸುರುಟುತ್ತಿದ್ದವು, ಬಿಡಿಸುತ್ತಿದ್ದವು. ಕಳೆದ ಬೇಸಿಗೆಯಲ್ಲಿ ಮಾತೂ ಕಡಿಮೆಯಾಯಿತು. ಹಗಲಿಡೀ ನಿದ್ದೆ, ರಾತ್ರಿ ಎಚ್ಚರ. ಊಟ ಅರ್ಧಕ್ಕೇ ಸಾಕು.

ನಾವು ಮಾಡಿದ ಮೊದಲ ತಪ್ಪನ್ನು ಹೇಳಿಬಿಡುತ್ತೇವೆ. ಪೇಟೆಯಿಂದ ಬಣ್ಣ ತುಂಬುವ ಪುಸ್ತಕ, ಕ್ರೇಯಾನ್ ತಂದುಕೊಟ್ಟೆವು. ಉಮ್ಮ ಎರಡು ಪುಟ ತಿರುಗಿಸಿ ನೋಡಿದರು. "ನಾನೇನು ಬಾಲವಾಡಿಗೆ ಹೋಗುವವಳಾ ಮೋನೆ?" ಎಂದು ಬದಿಗಿಟ್ಟರು. ನಮಗೆ ನಾಚಿಕೆಯಾಯಿತು. ಒಂದು ಮನೆಯನ್ನೇ ಸಾಕಿದ ಕೈಗೆ ಮಕ್ಕಳ ಆಟದ ಸಾಮಾನು ಕೊಟ್ಟರೆ ಅದು ಅವಮಾನವೇ. ಬಣ್ಣ ಹಚ್ಚುವುದು ಇಷ್ಟಪಡುವ ಹಿರಿಯರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಕೇಳಿ ಕೊಡಬೇಕಿತ್ತು.

ಕೆಲವು ದಿನ ಕಳೆದು ಹಿತ್ತಿಲಲ್ಲಿ ಒಂದು ತೆಂಗಿನ ಮಡಲು ಬಿತ್ತು. ಒಲೆಗೆ ಹಾಕಲು ಎಳೆಯುತ್ತಿದ್ದೆವು. "ಅದರ ಗರಿ ಕಡಿದು ಇಲ್ಲಿ ತಾ" ಎಂದರು. ಚಿಕ್ಕ ಚೂರಿ ಕೇಳಿದರು. ಮಧ್ಯಾಹ್ನ ನಾವು ಮಲಗಿ ಎದ್ದು ನೋಡುವಾಗ ಕಡ್ಡಿಗಳ ಒಂದು ರಾಶಿ. ಹಿಡಿಸೂಡಿ!

ಹಿಡಿಸೂಡಿ ಕೆಲಸ ಹಿರಿಯರಿಗೆ ಹೇಳಿ ಮಾಡಿಸಿದ್ದು. ಮಡಲು ತಂದು ಗರಿ ಬಿಡಿಸುವುದು ಮಕ್ಕಳ ಪಾಲು. ಕುರ್ಚಿಯಲ್ಲಿ ಕೂತು ಕಡ್ಡಿ ಹೆರೆಯುವುದು ಹಿರಿಯರದ್ದು. ಹಸಿ ಗರಿಯಾದರೆ ಸಲೀಸಾಗಿ ಬಿಡುತ್ತದೆ, ಮೊಂಡು ಚೂರಿಯೂ ಸಾಕು, ಕೈ ನಡುಗುವವರಿಗೆ ಅದೇ ಒಳ್ಳೆಯದು. ಒಣ ಗರಿಯಲ್ಲಿ ಧೂಳು ಏಳುತ್ತದೆ, ಉಬ್ಬಸ ಇದ್ದವರಿಗೆ ಬೇಡ. ಹೆರೆದ ಕಡ್ಡಿಯನ್ನು ಬಿಸಿಲಲ್ಲಿ ಒಣಗಿಸಿ, ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ ಬಿಗಿಯಾಗಿ ಕಟ್ಟಬೇಕು. ಕಟ್ಟುವುದಕ್ಕೆ ಬಲ ಬೇಕು, ಅಲ್ಲಿ ನಾವು ಕೈ ಕೊಡುತ್ತೇವೆ. ಸರಿಯಾಗಲಿಲ್ಲ ಎಂದು ಬೈಸಿಕೊಳ್ಳುತ್ತೇವೆ ಕೂಡ.

ಅಡಿಕೆ ತೋಟದ ಬದಿಯವರಿಗೆ ಹಾಳೆ ಉಂಟು. ಬಿದ್ದ ಹಾಳೆಯನ್ನು ರಾತ್ರಿ ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಭಾರದ ಕೆಳಗಿಟ್ಟು ಚಪ್ಪಟೆ ಮಾಡಿ, ಒಣಗಿದ ನಂತರ ಕತ್ತರಿಸಿದರೆ ಬೀಸಣಿಗೆ. ಕರೆಂಟು ಹೋದ ಮಧ್ಯಾಹ್ನ ಅದರ ಬೆಲೆ ಗೊತ್ತಾಗುತ್ತದೆ. ಚೆನ್ನಾಗಿ ಒಣಗಿಸದಿದ್ದರೆ ಬೂಸ್ಟು ಬರುತ್ತದೆ, ಅಷ್ಟೇ.

ಹಳೆಯ ಕಾಲದ ಮುಂಡೇವಿನ ಚಾಪೆ ನೇಯಲು ಗೊತ್ತಿರುವ ಉಮ್ಮಂದಿರು ಈಗಲೂ ಅಲ್ಲಲ್ಲಿ ಇದ್ದಾರೆ. ಆದರೆ ಆ ಮುಳ್ಳಿನ ಎಲೆ ಕಡಿದು ತರುವವರು ಯಾರು? ಅದರ ಬದಲು ಪ್ಲಾಸ್ಟಿಕ್ ವಯರಿನ ಬುಟ್ಟಿ ಹೆಣೆಯಬಹುದು. ಗಂಟು ಎಳೆಯುವಾಗ ಬೆರಳಿಗೆ ನೋವಾಗುತ್ತದೆ, ಸಂಧಿವಾತ ಇದ್ದವರು ಅದಕ್ಕೆ ಕೈ ಹಾಕದಿರುವುದು ಲೇಸು. ಅವರಿಗೆ ಹಳೆಯ ಬಟ್ಟೆಯ ಕೆಲಸ ಒಳ್ಳೆಯದು. ಲುಂಗಿ, ಚೂಡಿದಾರದ ದುಪ್ಪಟ್ಟಾ ಉದ್ದುದ್ದ ಹರಿದು, ಜಡೆ ಹಾಕಿದ ಹಾಗೆ ಮೂರು ಎಳೆ ಹೆಣೆದು, ಸುರುಳಿ ಸುತ್ತಿ ಹೊಲಿದರೆ ಕಾಲೊರೆಸುವ ಮ್ಯಾಟ್. ಹೆಣ್ಮಕ್ಕಳ ತಲೆ ಬಾಚಿದ ಎಲ್ಲ ಉಮ್ಮಂದಿರಿಗೂ ಇದು ಬರುತ್ತದೆ. ಒಂದು ಮಾತು: ಟೈಲ್ಸ್ ನೆಲದ ಮೇಲೆ ಈ ಮ್ಯಾಟ್ ಜಾರುತ್ತದೆ. ಹಿರಿಯರು ಓಡಾಡುವ ದಾರಿಯಲ್ಲಿ, ಬಾತ್‌ರೂಮಿನ ಬಾಗಿಲಲ್ಲಿ ಹಾಕಬೇಡಿ. ಅವರೇ ಮಾಡಿದ ಮ್ಯಾಟಿನಿಂದ ಅವರೇ ಜಾರಿ ಸೊಂಟ ಮುರಿದರೆ ಆಮೇಲೆ ಯಾರಿಗೆ ಹೇಳುವುದು?

ಕ್ರೋಶಾ ಟೋಪಿ ಹೆಣೆಯುವ ಹಿರಿಯರಿಗೆ ಕಣ್ಣಿನದ್ದೇ ತೊಂದರೆ. ಬಿಳಿ ನೂಲಲ್ಲಿ ಬಿಳಿ ಹೊಲಿಗೆ, ಪೊರೆ ಬಂದ ಕಣ್ಣಿಗೆ ಕಾಣುವುದಿಲ್ಲ. ದಪ್ಪದ ಬಣ್ಣದ ನೂಲು, ದೊಡ್ಡ ಸೂಜಿ ಕೊಡಿ, ಹಿಡಿಗೆ ಬಟ್ಟೆ ಸುತ್ತಿ. ಹಸಿರು ಟೋಪಿ ಹಾಕಿದರೆ ಮೊಮ್ಮಗನ ತಲೆಗೇನೂ ಆಗುವುದಿಲ್ಲ. ಸೂಜಿ, ನೂಲು ಗಲ್ಫಿಗೂ ಬ್ಯಾಗಿನಲ್ಲಿ ಹೋಗುತ್ತದೆ. ಮಗನ ಫ್ಲಾಟಿನಲ್ಲಿ ತಿಂಗಳುಗಟ್ಟಲೆ ಎ.ಸಿ.ಯ ಒಳಗೇ ಕೂರುವ ಉಮ್ಮನಿಗೆ ಅಲ್ಲಿ ಮಡಲು ಎಲ್ಲಿ ಸಿಗಬೇಕು?

ಗಂಡಸರದ್ದು ಬೇರೆಯೇ ಸಮಸ್ಯೆ. ಅಂಗಡಿ ಬಿಟ್ಟ ಮೇಲೆ ಉಪ್ಪನಿಗೆ ಮನೆಯೊಳಗೆ ಜಾಗವೇ ಇಲ್ಲದ ಹಾಗೆ. ಹೊಲಿಗೆ, ಹೆಣಿಗೆ ಅಂದರೆ "ಅದು ಹೆಂಗಸರದ್ದು" ಎನ್ನುತ್ತಾರೆ. ನಮ್ಮ ನೆರೆಯ ಹಿರಿಯರೊಬ್ಬರ ಹರಿದ ತಸ್ಬೀಹ್ ಪೋಣಿಸಲು ಅವರ ಕೈಗೇ ಮಣಿ, ನೈಲಾನ್ ದಾರ ಕೊಟ್ಟೆವು. ಮೂವತ್ತಮೂರು ಮಣಿ, ಒಂದು ತಡೆ ಮಣಿ, ಮತ್ತೆ ಮೂವತ್ತಮೂರು, ಮತ್ತೊಂದು ತಡೆ, ಪುನಃ ಮೂವತ್ತಮೂರು. ಮೊದಲ ದಿನ ಎರಡು ಸಲ ಲೆಕ್ಕ ತಪ್ಪಿ ಬಿಚ್ಚಿದರು. ನಾವು ಎಣಿಸಿಕೊಡಲಾ ಎಂದದ್ದಕ್ಕೆ ಕೋಪ ಬಂತು. "ಮೂವತ್ತು ವರ್ಷ ಅಂಗಡಿ ಲೆಕ್ಕ ಬರೆದವ ನಾನು ಉಸ್ತಾದೆ!" ಮೂರನೇ ಸಲ ಸರಿಯಾಯಿತು. ಈಗ ಮೊಹಲ್ಲಾದಲ್ಲಿ ಯಾರ ತಸ್ಬೀಹ್ ಹರಿದರೂ ಅವರ ಜಗಲಿಗೇ ಹೋಗುತ್ತದೆ.

ಮನೆಯವರು ನೋಡಿಕೊಳ್ಳಬೇಕಾದದ್ದು ಸ್ವಲ್ಪ ಉಂಟು. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ. ಕೆಲಸದಲ್ಲಿ ಮುಳುಗಿದರೆ ನೀರಿನ ನೆನಪೇ ಇರುವುದಿಲ್ಲ. ಚೊಂಬು ಪಕ್ಕದಲ್ಲಿರಲಿ. ಹೃದಯ, ಕಿಡ್ನಿ ತೊಂದರೆಯವರು ಎಷ್ಟು ನೀರು ಕುಡಿಯಬೇಕೆಂದು ಡಾಕ್ಟರಲ್ಲಿ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದವರಿಗೆ ಸೂಜಿ ಚುಚ್ಚಿದ್ದೂ ತಿಳಿಯುವುದಿಲ್ಲ, ಎದ್ದ ಮೇಲೆ ಕೈ ನೋಡಿ. ಕೊಟ್ಟ ಸೂಜಿ ಎಣಿಸಿ ವಾಪಸ್ ತೆಗೆದಿಡಿ, ಮನೆಯಲ್ಲಿ ಅಂಬೆಗಾಲಿಡುವ ಮಗು ಇರಬಹುದು. ಕಿಟಕಿಯ ಬೆಳಕು ಎಡಬದಿಯಿಂದ ಬರುವ ಹಾಗೆ ಕುರ್ಚಿ ಹಾಕಿದರೆ ಬಲಗೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ.

ಮಾಡಿದ್ದನ್ನು ಅಟ್ಟಕ್ಕೆ ಹಾಕಬೇಡಿ, ಬಳಸಿ. ಉಮ್ಮನ ಮೊದಲ ಹಿಡಿಸೂಡಿಯನ್ನು ನಮ್ಮವಳು ಚಂದ ಉಂಟೆಂದು ತೆಗೆದಿಟ್ಟಿದ್ದಳು. ಎರಡು ದಿನ ನೋಡಿ ಉಮ್ಮನೇ ಎದ್ದು ಅದನ್ನು ತಂದು ಅಂಗಳದ ಮೂಲೆಯಲ್ಲಿ ಇಟ್ಟರು. ಮೂರನೆಯದ್ದನ್ನು ಪಕ್ಕದ ಮನೆಯವರು ದುಡ್ಡು ಕೊಟ್ಟು ಕೊಂಡುಹೋದರು. ಆ ನೋಟು ಈಗಲೂ ಉಮ್ಮನ ತಲೆದಿಂಬಿನ ಕೆಳಗೆ ಉಂಟು, ಖರ್ಚು ಮಾಡಿಲ್ಲ. ರಾತ್ರಿ ನಿದ್ದೆ ಪೂರ್ತಿ ಸರಿಯಾಗಿದೆ ಎಂದು ಹೇಳಲಾರೆವು. ಸೆರಗು ಸುರುಟುವುದು ನಿಂತಿದೆ. ನಿನ್ನೆ ನಾವು ಮದ್ರಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಒಳಗಿಂದ ಸ್ವರ ಬಂತು: "ಮೋನೆ, ನಾಳೆಗೆ ಮಡಲು ಉಂಟಾ?"