ನಿಮಗಿದು ಗೊತ್ತೇ? ಕೋರ್ಟ್ ಮೆಟ್ಟಿಲೇರಿದ ಪಿಜ್ಜಾ

● ಪಿಜ್ಜಾ ಆರ್ಡರ್ ಮಾಡಲಾಗದ ದೂರೊಂದು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು! ಡಾಮಿನೋಸ್‌ನ ವೆಬ್‌ಸೈಟ್, ಆ್ಯಪ್ ಎರಡರಲ್ಲೂ ತಮಗೆ ಬೇಕಾದ ಪಿಜ್ಜಾ ತರಿಸಿಕೊಳ್ಳಲು ಆಗಲಿಲ್ಲವೆಂದು ಅಂಧ ಗ್ರಾಹಕರೊಬ್ಬರು 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದ್ದರು.

● ಅಂಧರು ಫೋನ್ ಬಳಸುವುದು ಸ್ಕ್ರೀನ್ ರೀಡರ್ ನೆರವಿನಿಂದ. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದುತ್ತದೆ. ಐಫೋನ್‌ಗೆ ಈ ಸೌಲಭ್ಯ ಬಂದದ್ದು 2009ರಲ್ಲಿ, ಹೆಸರು ವಾಯ್ಸ್‌ಓವರ್. ಆಂಡ್ರಾಯ್ಡ್‌ನಲ್ಲಿ ಅದು ಟಾಕ್‌ಬ್ಯಾಕ್.

● ಆ್ಯಪ್ ರೂಪಿಸಿದವರು ಬಟನ್‌ಗಳಿಗೆ ಹೆಸರು ಕೊಡದಿದ್ದರೆ ಸ್ಕ್ರೀನ್ ರೀಡರ್‌ನಿಂದ ಬರುವುದು ‘ಬಟನ್, ಬಟನ್, ಬಟನ್’ ಎಂಬ ಸದ್ದಷ್ಟೇ. ಯಾವುದು ಚೀಸ್, ಯಾವುದು ಈರುಳ್ಳಿ, ಯಾವುದು ಹಣ ಪಾವತಿ ಎಂದು ತಿಳಿಯುವುದೇ ಇಲ್ಲ. ಮೆನು ಕಾರ್ಡಿನ ಫೋಟೊವನ್ನು ಹಾಗೇ ಹಾಕಿದರೂ ಇದೇ ಪಾಡು.

● ಅಂಗವಿಕಲರ ಹಕ್ಕು ಕಾಯುವ ಅಮೆರಿಕದ ಎಡಿಎ ಕಾಯ್ದೆಗೆ ಅಧ್ಯಕ್ಷ ಜಾರ್ಜ್ ಎಚ್.ಡಬ್ಲ್ಯು. ಬುಷ್ ಸಹಿ ಹಾಕಿದ್ದು 1990ರ ಜುಲೈ 26ರಂದು. ಆಗಿನ್ನೂ ವೆಬ್ ಜನರ ಕೈಗೆ ಬಂದಿರಲಿಲ್ಲ. ಕಾಯ್ದೆಯಲ್ಲಿ ರೆಸ್ಟೋರೆಂಟ್‌ಗಳ ಉಲ್ಲೇಖವಿದೆ, ವೆಬ್‌ಸೈಟ್‌ಗಳದ್ದಿಲ್ಲ. ಜಗಳವೆಲ್ಲ ಇಲ್ಲಿಂದಲೇ ಶುರು.

● 2019ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು ಡಾಮಿನೋಸ್‌ನ ವೆಬ್‌ಸೈಟ್ ಮತ್ತು ಆ್ಯಪ್‌ಗೂ ಈ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಗ್ರಾಹಕರು ಅಂಗಡಿಯ ಸೇವೆ ಪಡೆಯುವುದೇ ಅವುಗಳ ಮೂಲಕ ಎಂಬುದು ಅದರ ತರ್ಕ. ಕಂಪನಿಯ ಅರ್ಜಿಯನ್ನು ಸುಪ್ರೀಂ ಕೋರ್ಟ್ ಅದೇ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು.

● ‘ಫೋನ್ ಮಾಡಿ ಆರ್ಡರ್ ಕೊಡಬಹುದಲ್ಲ?’ ಎಂಬ ವಾದವೂ ಬಂತು. ಆ ಗ್ರಾಹಕರು ಫೋನ್ ಹಿಡಿದು 45 ನಿಮಿಷಕ್ಕೂ ಹೆಚ್ಚು ಕಾದು ಸಾಕಾಗಿ ಇಟ್ಟಿದ್ದರು, ಅದೂ ಒಂದಲ್ಲ, ಎರಡು ಸಲ! 2021ರಲ್ಲಿ ವೆಬ್‌ಸೈಟ್ ವಿಚಾರದಲ್ಲಿ ತೀರ್ಪು ಅವರ ಪರವಾಯಿತು.

● ಇಷ್ಟಕ್ಕೂ ಅವರಿಗೆ ಕೋರ್ಟ್ ಕೊಡಿಸಿದ್ದು 4,000 ಡಾಲರ್. ಅದೂ ಕ್ಯಾಲಿಫೋರ್ನಿಯಾದ ರಾಜ್ಯ ಕಾನೂನಿನ ಪ್ರಕಾರ. ಎಡಿಎ ಅಡಿ ಖಾಸಗಿ ವ್ಯಕ್ತಿ ದಾವೆ ಹೂಡಿದರೆ ಲೋಪ ಸರಿಪಡಿಸುವ ಆದೇಶ, ವಕೀಲರ ಖರ್ಚು ಸಿಗುತ್ತದೆ. ಪರಿಹಾರದ ಹಣ ಸಿಗುವುದಿಲ್ಲ.

● ಅಮೆರಿಕದ ರೆಸ್ಟೋರೆಂಟ್‌ಗಳಲ್ಲಿ ಬ್ರೈಲ್ ಮೆನು ಇರಲೇಬೇಕೆಂದಿಲ್ಲ. ಸಪ್ಲೈಯರ್ ಓದಿ ಹೇಳಿದರೂ ಸಾಕು. ಆದರೆ ಆನ್‌ಲೈನ್‌ನಲ್ಲಿ ಓದಿ ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ವೆಬ್‌ಸೈಟೇ ಸರಿಯಿರಬೇಕು.

● ಒಂದೇ ಅಚ್ಚಿನ ದಾವೆಗಳನ್ನು ಸಾಲುಸಾಲಾಗಿ ಹೂಡುವ ವಕೀಲರೂ ಅಲ್ಲಿದ್ದಾರೆ. ಕೋರ್ಟ್ ಅಲೆದಾಟಕ್ಕೆ ಅಂಜಿ ಸಣ್ಣ ರೆಸ್ಟೋರೆಂಟ್‌ಗಳು ಹಣ ಕೊಟ್ಟು ರಾಜಿಯಾಗುತ್ತವೆ. ರಾಜಿಯಾದ ಮೇಲೂ ವೆಬ್‌ಸೈಟ್ ಹಾಗೇ ಉಳಿದರೆ ಅಂಧರಿಗೆ ದಕ್ಕಿದ್ದೇನು?

● ‘ಇದೊಂದು ಸಾಫ್ಟ್‌ವೇರ್ ಹಾಕಿ, ಎಲ್ಲ ಸರಿಹೋಗುತ್ತದೆ’ ಎಂಬ ಜಾಹೀರಾತನ್ನು ನಂಬಬೇಡಿ. ಇಂಥ ಉತ್ಪ್ರೇಕ್ಷೆಯ ಭರವಸೆ ನೀಡಿದ ಆ್ಯಕ್ಸೆಸಿಬಿ ಕಂಪನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ತೆರುವಂತೆ ಮಾಡಿತು.

● ದುಡ್ಡಿಲ್ಲದವರಿಗೂ ಸ್ಕ್ರೀನ್ ರೀಡರ್ ಇದೆ. 2006ರಲ್ಲಿ ಶುರುವಾದ ಎನ್‌ವಿಡಿಎ ಪೂರ್ತಿ ಉಚಿತ. ಅದನ್ನು ಕಟ್ಟಿ ಬೆಳೆಸಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ. ಇಬ್ಬರೂ ಅಂಧರು!

● ನಮ್ಮ ದೇಶದಲ್ಲೂ ಇದು ಹಕ್ಕಿನ ಪ್ರಶ್ನೆಯೇ. ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

● ಹೋಟೆಲ್ ಮಾಲೀಕರೇ, ನಿಮ್ಮ ವೆಬ್‌ಸೈಟನ್ನು ಇವತ್ತೇ ಪರೀಕ್ಷಿಸಿ. ಮೊಬೈಲ್‌ನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿಕೊಂಡು ನಿಮ್ಮದೇ ಹೋಟೆಲಿನಿಂದ ಒಂದು ಮಸಾಲೆ ದೋಸೆ ತರಿಸಿ. ಎಲ್ಲಿ ಸಿಕ್ಕಿಕೊಂಡಿರೋ ಅದನ್ನು ಬರೆದಿಟ್ಟು ವೆಬ್‌ಸೈಟ್ ಮಾಡಿಕೊಟ್ಟವರಿಗೆ ಕಳಿಸಿ. ಬಟನ್‌ಗೊಂದು ಹೆಸರು, ಚಿತ್ರಕ್ಕೊಂದು ವಿವರಣೆ, ಅಕ್ಷರಗಳಲ್ಲೇ ಬರೆದ ಮೆನು: ಮೊದಲು ಇಷ್ಟಾದರೂ ಆಗಲಿ.