ಬತ್ತಿ ಸೀಯುವುದೇಕೆ?

ದೇವರ ಮುಂದಿನ ದೀಪ ಮಂಕಾಗಿ ಸೀದ ವಾಸನೆ ಬರತೊಡಗಿದರೆ ಹೆಚ್ಚಿನವರು ಮೊದಲು ಮಾಡುವುದು ಬತ್ತಿಯನ್ನು ಮುಂದಕ್ಕೆ ಎಳೆಯುವುದು. ಕುಡಿ ಒಂದು ಗಳಿಗೆ ದೊಡ್ಡದಾಗುತ್ತದೆ, ಆಮೇಲೆ ಹೊಗೆ ಮೊದಲಿಗಿಂತ ಜಾಸ್ತಿಯಾಗುತ್ತದೆ. ತೊಂದರೆ ಇರುವುದು ಎಣ್ಣೆ ಬರುವ ದಾರಿಯಲ್ಲಿ. ಅದನ್ನು ಬಿಟ್ಟು ಉರಿಯ ತುದಿಯನ್ನು ತಿದ್ದಿದರೆ ಪ್ರಯೋಜನವಿಲ್ಲ.

ದೀಪದಲ್ಲಿ ಉರಿಯುವುದು ಎಣ್ಣೆಯ ಆವಿ. ಹತ್ತಿಯ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಎಣ್ಣೆ ತಾನಾಗಿ ಮೇಲೇರಿ, ತುದಿಯಲ್ಲಿ ಕಾದು ಆವಿಯಾಗುತ್ತದೆ. ಹಾಗೆ ಆವಿಯಾಗುವಾಗ ಬತ್ತಿಯ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಎಣ್ಣೆ ಬರುತ್ತಿರುವಷ್ಟು ಹೊತ್ತು ತುದಿಯ ಚೂರು ಮಾತ್ರ ಕಪ್ಪಾಗಿ ಉಳಿದ ಹತ್ತಿ ಬೆಳ್ಳಗಿರುವುದು ಇದರಿಂದಲೇ. ಏರುವ ಎಣ್ಣೆ ಆವಿಯಾಗುವಷ್ಟಕ್ಕೆ ಸಾಲದೆ ಹೋದಾಗ ಹತ್ತಿಯೇ ಕರಕಲಾಗತೊಡಗುತ್ತದೆ. ಬತ್ತಿಯನ್ನು ಮುಂದೆ ಎಳೆದರೆ ಎಣ್ಣೆ ಏರಬೇಕಾದ ದೂರ ಹೆಚ್ಚುತ್ತದೆ, ಖರ್ಚೂ ಹೆಚ್ಚುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಲ್ಲಿ ಕೈಗೆ ಸಿಗುವ ಎಣ್ಣೆ ತೆಂಗಿನದು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಹಣತೆಯೊಳಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿರುವುದನ್ನು ಇಲ್ಲಿನವರೆಲ್ಲ ಕಂಡಿದ್ದಾರೆ. ಆಗ ಕಡ್ಡಿ ಗೀರಿದರೆ ಬತ್ತಿ ತನ್ನ ಮೈಯಲ್ಲಿರುವ ಎಣ್ಣೆಯಷ್ಟನ್ನೇ ಉರಿಸಿ, ಹಿಂದಿನಿಂದ ಬರುವುದಿಲ್ಲದೆ ಸೀದುಹೋಗುತ್ತದೆ. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಕರಗಿಸಿ, ಆಮೇಲೆ ಹಚ್ಚಿದರೆ ಸಾಕು.

ಮಳೆಗಾಲದ ಕಥೆ ಬೇರೆ. ಹತ್ತಿ ಗಾಳಿಯಿಂದಲೇ ನೀರು ಹೀರುತ್ತದೆ, ಆಷಾಢದ ಕರಾವಳಿಯಲ್ಲಂತೂ ಕೇಳುವುದೇ ಬೇಡ. ಥಂಡಿ ಹಿಡಿದ ಬತ್ತಿಯಲ್ಲಿ ಎಣ್ಣೆ ಸರಾಗವಾಗಿ ಸಾಗುವುದಿಲ್ಲ. ನೀರು ಕುದಿದು ಚಟಪಟ ಸಿಡಿಯುತ್ತದೆ, ಕುಡಿ ಕುಣಿಯುತ್ತದೆ. ಬತ್ತಿಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಹಚ್ಚುವ ಮೊದಲು ಒಲೆಯ ಹತ್ತಿರ ಬೆಚ್ಚಗೆ ಮಾಡಿ, ಬುಡದಿಂದ ತುದಿಯವರೆಗೆ ಎಣ್ಣೆಯಲ್ಲಿ ಅದ್ದಿಡಬೇಕು. ಅದ್ದುವ ಈ ಕೆಲಸವನ್ನು ಅವಸರದಲ್ಲಿ ಬಿಡುವವರೇ ಹೆಚ್ಚು. ಒಣ ತುದಿಗೆ ಬೆಂಕಿ ತಾಗಿದರೆ ಅದು ಮೊದಲ ನಿಮಿಷದಲ್ಲೇ ಕರಕಲು, ಕರಕಲಾದ ಎಳೆಯಲ್ಲಿ ಎಣ್ಣೆ ಮತ್ತೆ ಸರಿಯಾಗಿ ಏರುವುದಿಲ್ಲ.

ಎಣ್ಣೆ ದಪ್ಪವಾದಷ್ಟೂ ನಿಧಾನ. ಸಮುದ್ರದಂಚಿನಲ್ಲಿ ಬೆಳೆಯುವ ಹೊನ್ನೆ ಮರದ ಬೀಜದಿಂದ ತೆಗೆದ ಹಸಿರು ಛಾಯೆಯ ಎಣ್ಣೆಯೂ ಸೀಮೆಎಣ್ಣೆಗೆ ಮುಂಚೆ ಕರಾವಳಿಯಲ್ಲಿ ದೀಪಕ್ಕೆ ಬಳಕೆಯಾಗುತ್ತಿತ್ತು. ಅಂಥ ದಪ್ಪ ಎಣ್ಣೆಗೆ ಆಳವಿಲ್ಲದ ಹಣತೆ, ಅಂಚಿಗೆ ಒರಗಿ ಮಲಗಿದ ಸಡಿಲ ಬತ್ತಿ ಬೇಕು, ಆಗ ಏರಬೇಕಾದ ಎತ್ತರ ಒಂದು ಬೆರಳಿನಷ್ಟೂ ಇರುವುದಿಲ್ಲ. ಸೀಮೆಎಣ್ಣೆ ತೆಂಗಿನೆಣ್ಣೆಗಿಂತ ಹತ್ತು ಪಟ್ಟಿಗೂ ಹೆಚ್ಚು ತೆಳು, ಹಾಗಾಗಿ ಲಾಟೀನಿನ ತಳದಿಂದ ಗೇಣುದ್ದದ ಪಟ್ಟಿಬತ್ತಿಯನ್ನು ಸಲೀಸಾಗಿ ಏರಿಬರುತ್ತದೆ. ದಪ್ಪ ಎಣ್ಣೆಯ ಈ ತೊಡಕನ್ನು ಬಿಡಿಸಲು ಫ್ರಾನ್ಸಿನ ಗಡಿಯಾರ ಕುಶಲಕರ್ಮಿ ಕಾರ್ಸೆಲ್ 1800ರಲ್ಲಿ ಗಡಿಯಾರದ ಯಂತ್ರದಿಂದ ಎಣ್ಣೆಯನ್ನು ಬತ್ತಿಗೆ ಮೇಲೆತ್ತುವ ದೀಪವನ್ನೇ ಮಾಡಿದ.

ನಮ್ಮಲ್ಲಿ ಆ ಕೆಲಸವನ್ನು ಮನುಷ್ಯ ಮಾಡುತ್ತಿದ್ದ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮೇಳ ಕಟ್ಟುವುದಕ್ಕೂ ಎಷ್ಟೋ ಹಿಂದಿನಿಂದ ಕರಾವಳಿಯ ಬಯಲಾಟ ದೀವಟಿಗೆಯ ಬೆಳಕಿನಲ್ಲಿ ನಡೆಯುತ್ತಿತ್ತು. ಕೋಲಿಗೆ ಸುತ್ತಿದ ಬಟ್ಟೆಯೇ ದೀವಟಿಗೆಯ ಬತ್ತಿ. ಅದಕ್ಕೆ ಎಣ್ಣೆಯ ಪಾತ್ರೆ ಜೋಡಿಸಿರುವುದಿಲ್ಲ. ಬಟ್ಟೆ ಒಣಗುವ ಮುನ್ನವೇ ಎಣ್ಣೆ ಹನಿಸುತ್ತ ದೀವಟಿಗೆಯವನು ಬೆಳಗಿನವರೆಗೆ ನಿಲ್ಲಬೇಕಿತ್ತು. ತಡವಾದರೆ ವೇಷದ ಮುಖದ ಮೇಲೆ ಬೆಳಕು ಕುಂದುತ್ತಿತ್ತು, ಹೊಗೆ ಭಾಗವತರ ಗಂಟಲಿಗೆ ಹೋಗುತ್ತಿತ್ತು. ಆಟದ ಹೊಗಳಿಕೆಯಲ್ಲಿ ದೀವಟಿಗೆಯವನಿಗೂ ಪಾಲು ಸಲ್ಲಬೇಕೆಂದು ನನಗೆ ಅನ್ನಿಸುತ್ತದೆ.

ಆ ಹೊಗೆ ಕಣ್ಣು, ಗಂಟಲು ಉರಿಸುವುದಕ್ಕೂ ಕಾರಣವಿದೆ. ಎಣ್ಣೆಯಲ್ಲಿ ಗ್ಲಿಸರಿನ್ ಅಂಶವಿದೆ. ಅದು ಸರಿಯಾಗಿ ಉರಿಯದೆ ಬರಿದೆ ಕಾದು ಒಡೆದರೆ ಅಕ್ರೋಲೀನ್ ಎಂಬ ಘಾಟಿನ ಅನಿಲ ಹುಟ್ಟುತ್ತದೆ. ಬಾಣಲೆಯ ಎಣ್ಣೆ ಅತಿಯಾಗಿ ಕಾದಾಗ ಮೂಗಿಗೆ ಹೊಡೆಯುವುದೂ ಇದೇ. ಇ-ಸಿಗರೇಟಿನಲ್ಲೂ ಒಂದು ಹತ್ತಿಯ ಬತ್ತಿಯಿದೆ, ಗ್ಲಿಸರಿನ್ ಕೂಡಿದ ದ್ರವವಿದೆ, ಉರಿಯ ಬದಲು ವಿದ್ಯುತ್ತಿನಿಂದ ಕಾಯುವ ತಂತಿಯ ಸುರುಳಿಯಿದೆ. ದ್ರವ ಸುರುಳಿಗೆ ಸಾಕಷ್ಟು ತಲುಪದಿದ್ದಾಗ ಅದನ್ನು ಸೇದುವವರ ಬಾಯಿಗೆ ಬರುವ ಸೀದ ರುಚಿ ಹತ್ತಿ ಸುಟ್ಟದ್ದು ಮತ್ತು ಅಕ್ರೋಲೀನಿನಂಥ ಅನಿಲಗಳದ್ದು, ಅದು ನೇರವಾಗಿ ಶ್ವಾಸಕೋಶಕ್ಕೇ ಇಳಿಯುತ್ತದೆ. ಕರ್ನಾಟಕ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ನಿಷೇಧ ಕಾಯ್ದೆ ಬಂತು. ಅದು ಸರಿಯಾದ ಕ್ರಮ. ಬತ್ತಿ ಬದಲಿಸಿದರೆ ಆ ರುಚಿ ಹೋದೀತು, ನಿಕೋಟಿನ್ ಚಟ ಹೋಗುವುದಿಲ್ಲ.

ಇನ್ನು ಬಿಗಿತ. ಗಟ್ಟಿಯಾಗಿ ಹೊಸೆದ ಬತ್ತಿಯಲ್ಲಿ ಸಂದುಗಳೇ ಉಳಿಯುವುದಿಲ್ಲ, ತೀರ ಸಡಿಲವಾದರೆ ಎಣ್ಣೆ ಎತ್ತರಕ್ಕೆ ನಿಲ್ಲುವುದಿಲ್ಲ. ಬತ್ತಿ ಸ್ಟೌವಿನ ಕೊಳವೆಗೆ ದಪ್ಪ ಬತ್ತಿ ತುರುಕಿದರೂ ಇದೇ ಗತಿ, ಚಹಾಕ್ಕೆ ಹೊಗೆಯ ವಾಸನೆ ಹತ್ತುತ್ತದೆ. ಕರಕಲು ತುದಿಯನ್ನು ದೀಪ ಆರಿದ ಮೇಲೆ ನೇರವಾಗಿ ಕತ್ತರಿಸಿ ತೆಗೆಯಬೇಕು.

ಹೊಸ ಬತ್ತಿ ಹಾಕಿದರೂ ಸೀಯುತ್ತಿದ್ದರೆ ದೀಪವನ್ನೇ ನೋಡಿ. ಹಳೆಯ ಎಣ್ಣೆ ದಿನಗಟ್ಟಲೆ ಕಾದು ಗೋಂದಿನಂತೆ ಅಂಟಿ, ಹೊಸ ಹತ್ತಿಯ ಸಂದುಗಳನ್ನೂ ಮುಚ್ಚುತ್ತದೆ. ಬಿಸಿನೀರು, ಅಂಟುವಾಳದಿಂದ ಜಿಡ್ಡು ತೆಗೆದು, ಹಿತ್ತಾಳೆಯಾದರೆ ಹುಣಸೆಹಣ್ಣಿನಿಂದ ತಿಕ್ಕಿ, ನೀರಿನ ಪಸೆ ಉಳಿಯದಂತೆ ಬಿಸಿಲಿಗಿಟ್ಟು ಹೊಸ ಎಣ್ಣೆ ಹೊಯ್ಯಬೇಕು.