ರೇಸ್‌ನಲ್ಲಿ ಬಿದ್ದ ಹುಡುಗರಿಗೆ ಮತ್ತೆ ಧೈರ್ಯ ಬರೋದು ಹೇಗೆ? ಮೂಳೆ ಕೂಡಿದ ಮೇಲೂ ಉಳಿಯುವ ಭಯದ ಲೆಕ್ಕ ಇಲ್ಲಿದೆ

ಕೊಯ್ಲು ಮುಗಿದು ಗದ್ದೆ ಒಣಗಿತು ಅಂದ್ರೆ ಮಲೆನಾಡು, ಕೊಡಗಿನ ಕಡೆ ಡರ್ಟ್ ಟ್ರ್ಯಾಕ್ ರೇಸ್‌ಗಳ ಬ್ಯಾನರ್ ಕಟ್ಟೋದು ಶುರುವಾಗುತ್ತೆ. ನಮ್ಮ ತಾಲೂಕಿನಿಂದಲೂ ಒಂದಷ್ಟು ಹುಡುಗರು ಗೂಡ್ಸ್ ಆಟೋಗೆ ಬೈಕ್ ಹತ್ತಿಸಿಕೊಂಡು ಹೋಗ್ತಾರೆ. ಇವರಲ್ಲಿ ರೇಸನ್ನೇ ನಂಬಿಕೊಂಡು ಬದುಕೋರು ಯಾರೂ ಇಲ್ಲ. ಒಬ್ಬ ಗ್ಯಾರೇಜ್‌ನಲ್ಲಿ ಕೆಲಸಕ್ಕಿದ್ದರೆ ಇನ್ನೊಬ್ಬ ಮೊಬೈಲ್ ಅಂಗಡಿಯಲ್ಲಿರ್ತಾನೆ, ಮತ್ತೊಬ್ಬ ಅಪ್ಪನ ಜೊತೆ ತೋಟ ನೋಡ್ಕೋತಾನೆ. ಜೆರ್ಸಿ ಬೆನ್ನ ಮೇಲೆ ಪೇಟೆಯ ಹಾರ್ಡ್‌ವೇರ್ ಅಂಗಡಿಯದೋ ಬೇಕರಿಯದೋ ಹೆಸರಿರುತ್ತೆ. ಗೆದ್ದರೆ ಕಪ್ ಹಿಡಿದ ಫೋಟೋ ಸಮೇತ ಸುದ್ದಿ. ಬಿದ್ದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ವಿಡಿಯೋ ಎರಡು ದಿನ ಓಡಾಡುತ್ತೆ, ಅಲ್ಲಿಗೆ ಮುಗೀತು.

ಬಿದ್ದವನಿಗೆ ಆಮೇಲೆ ಏನಾಗುತ್ತೆ ಅಂತ ಯಾರೂ ಬರೆಯಲ್ಲ. ಹೆಚ್ಚಿನವರಿಗೆ ಮುರಿಯೋದು ಕಾಲರ್ ಬೋನ್, ಅಂದ್ರೆ ಭುಜದ ಮುಂದಿನ ಮೂಳೆ. ಬೀಳುವಾಗ ಕೈ ಊರಿದರೆ ಅಥವಾ ಭುಜ ನೆಲಕ್ಕೆ ಬಡಿದರೆ ಏಟು ನೇರ ಅಲ್ಲಿಗೇ ಬೀಳುತ್ತೆ. ದೊಡ್ಡವರಲ್ಲಿ ಅದು ಕೂಡೋಕೆ ಸುಮಾರು ಆರರಿಂದ ಹನ್ನೆರಡು ವಾರ ಬೇಕು. ಎಕ್ಸ್‌ರೇ ನೋಡಿ ಡಾಕ್ಟರು ಸರಿ ಹೋಗಿದೆ ಅಂತಾರೆ. ಹುಡುಗ ಖುಷಿಯಲ್ಲಿ ಹೋಗಿ ಬೈಕ್ ಹತ್ತುತ್ತಾನೆ. ನೇರ ದಾರಿಯಲ್ಲಿ ಎಲ್ಲಾ ಚೆನ್ನಾಗಿರುತ್ತೆ, ಆದ್ರೆ ತಿರುವು ಬಂದ ತಕ್ಷಣ ಆಕ್ಸಿಲರೇಟರ್ ತಾನಾಗೇ ಮುಚ್ಚಿಹೋಗುತ್ತೆ. ಹಿಂದೆ ಕಣ್ಣು ಮುಚ್ಚಿ ಓಡಿಸ್ತಿದ್ದ ತಿರುವಲ್ಲೇ ಈಗ ಬೆವರು. ಇದನ್ನ ಅವನು ಯಾರ ಹತ್ತಿರವೂ ಹೇಳಲ್ಲ, ಹೇಳಿದ್ರೆ ಹೆದರುಪುಕ್ಕಲ ಅಂತಾರಲ್ಲ.

ಇದಕ್ಕೂ ಹೇಡಿತನಕ್ಕೂ ಸಂಬಂಧ ಇಲ್ಲ. ಬಿದ್ದ ನೋವನ್ನ ದೇಹ ನೆನಪಿಟ್ಟುಕೊಂಡಿರುತ್ತೆ, ಅಂಥದ್ದೇ ಜಾಗ ಬಂದಾಗ ನಮ್ಮನ್ನ ಕೇಳದೇ ಕಾಪಾಡೋಕೆ ಹೊರಡುತ್ತೆ. ಬಿಸಿ ಪಾತ್ರೆ ಮುಟ್ಟಿದ ಕೈ ಯೋಚನೆಗೆ ಮೊದಲೇ ಹಿಂದಕ್ಕೆ ಬರೋ ಹಾಗೆ. ಒಲೆ ಮುಂದೆ ಅದು ಸರಿ, ಬೈಕ್ ಮೇಲೆ ಮಾತ್ರ ಉಲ್ಟಾ ಹೊಡೆಯುತ್ತೆ.

ಭಯವೇ ಮತ್ತೊಮ್ಮೆ ಬೀಳಿಸುತ್ತೆ

ಅಮೆರಿಕದ ಕೀತ್ ಕೋಡ್ ಅಂತ ಒಬ್ಬ ರೇಸ್ ತರಬೇತುದಾರರಿದ್ದಾರೆ. 1993ರಲ್ಲಿ ಬಂದ ಅವರ ಎರಡನೇ ಪುಸ್ತಕ ‘ಎ ಟ್ವಿಸ್ಟ್ ಆಫ್ ದಿ ರಿಸ್ಟ್ 2’ ಪೂರ್ತಿ ಇದೇ ವಿಷಯದ ಮೇಲಿದೆ. ಗಾಬರಿಯಾದಾಗ ಸವಾರ ತನಗೆ ಗೊತ್ತಿಲ್ಲದೇ ಮಾಡೋ ಕೆಲಸಗಳನ್ನ ಅವರು ಪಟ್ಟಿ ಮಾಡಿದ್ದಾರೆ: ಆಕ್ಸಿಲರೇಟರ್ ಬಿಡೋದು, ಹ್ಯಾಂಡಲ್ ಬಿಗಿಯಾಗಿ ಹಿಡಿಯೋದು, ನೋಟ ಕಿರಿದಾಗಿ ಒಂದೇ ಕಡೆ ನೆಡೋದು, ನೆಟ್ಟ ಕಡೆಗೇ ಬೈಕ್ ತಿರುಗಿಸೋದು, ಬ್ರೇಕ್ ತಪ್ಪಾಗಿ ಹಿಡಿಯೋದು ಹೀಗೆ.

ನಮ್ಮ ಮಣ್ಣಿನ ಟ್ರ್ಯಾಕ್‌ನಲ್ಲೇ ಇಟ್ಟು ನೋಡೋಣ. ತಿರುವಿನ ಮಧ್ಯ ಗಾಡಿ ವಾಲಿದ್ದಾಗ ದಿಢೀರ್ ಅಂತ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತೆ, ಹಿಂದಿನ ಚಕ್ರ ಹಗುರ ಆಗಿ ಜಾರುತ್ತೆ. ಹ್ಯಾಂಡಲ್ ಗಟ್ಟಿ ಹಿಡಿದರೆ ಅದಕ್ಕೆ ಅಲ್ಲಾಡೋಕೆ ಜಾಗ ಇರಲ್ಲ. ಬೈಕ್‌ಗೆ ಸಣ್ಣಪುಟ್ಟ ಜಾರುವಿಕೆಯನ್ನ ತಾನೇ ಸರಿ ಮಾಡಿಕೊಳ್ಳೋ ಗುಣ ಇದೆ, ಕೈ ಸಡಿಲ ಇದ್ದರೆ ಮಾತ್ರ. ಇನ್ನು ಕಣ್ಣು. ಬೇಲಿ ಕಲ್ಲು ನೋಡ್ತಾ ಇದ್ರೆ ಬೈಕ್ ಬೇಲಿ ಕಲ್ಲಿಗೇ ಹೋಗುತ್ತೆ. ಹಳ್ಳ ತಪ್ಪಿಸೋಕೆ ಹೋಗಿ ಅದೇ ಹಳ್ಳಕ್ಕೆ ಚಕ್ರ ಇಳಿಸಿದ ಅನುಭವ ನಮ್ಮ ರಸ್ತೆಗಳಲ್ಲಿ ಓಡಾಡೋ ಎಲ್ರಿಗೂ ಇರುತ್ತೆ ಬಿಡಿ.

ಅಂದ್ರೆ ಮೊದಲ ಸಲ ಬೀಳೋಕೆ ಕಲ್ಲೋ ಕೆಸರೋ ಕಾರಣ ಆಗಿದ್ದಿರಬಹುದು. ಎರಡನೇ ಸಲ ಬೀಳಿಸೋದು ಬಹಳ ಸಲ ಈ ಭಯವೇ. ‘ಧೈರ್ಯ ಮಾಡೋ, ಏನೂ ಆಗಲ್ಲ’ ಅಂತ ಬೆನ್ನು ತಟ್ಟಿ ಕಳಿಸಿದರೆ ಕೈ ಬಿಗಿತ ಹೋಗಲ್ಲ, ಬಿಗಿದ ಕೈಯಲ್ಲೇ ಜೋರಾಗಿ ಹೋಗ್ತಾನೆ ಅಷ್ಟೇ.

ಕೋಡ್ ಅವರ ಇನ್ನೊಂದು ಲೆಕ್ಕ ಅಂಗಡಿ ಇಟ್ಟವರಿಗೆ ಬೇಗ ಅರ್ಥ ಆಗುತ್ತೆ. ಸವಾರನ ಗಮನ ಅಂದ್ರೆ ಜೇಬಲ್ಲಿರೋ ಹತ್ತು ಡಾಲರ್ ಇದ್ದ ಹಾಗೆ ಅಂತಾರೆ ಅವರು. ನಾವು ಹತ್ತು ರೂಪಾಯಿ ಅನ್ಕೊಳ್ಳೋಣ. ಹೊಸಬನಿಗೆ ಗೇರ್ ಹಾಕೋಕೇ ಐದು ರೂಪಾಯಿ ಖರ್ಚು, ಅಭ್ಯಾಸ ಆದವನಿಗೆ ನಾಲ್ಕಾಣೆ. ಬಿದ್ದು ಎದ್ದವನ ಜೇಬಿಂದ ಭಯ ಮೊದಲೇ ಆರೇಳು ರೂಪಾಯಿ ಕಿತ್ಕೊಂಡಿರುತ್ತೆ. ಉಳಿದ ಚಿಲ್ಲರೆಯಲ್ಲಿ ಬ್ರೇಕ್, ಗೇರ್, ತಿರುವು, ಪಕ್ಕದ ಸವಾರ ಎಲ್ಲಾ ನೋಡ್ಕೋಬೇಕು. ಹಾಗಾಗಿ ವಾಪಸ್ ಬರೋನು ಮೊದಲು ಖರ್ಚು ಕಮ್ಮಿ ಇರೋ ವೇಗಕ್ಕೆ ಇಳಿಯಬೇಕು.

ಅವಸರ ಮಾಡಿದವರ ಕಥೆ

ಮೋಟೋ ಜಿಪಿ ನೋಡೋ ಹುಡುಗರಿಗೆ ಸ್ಪೇನ್‌ನ ಮಾರ್ಕ್ ಮಾರ್ಕೆಸ್ ಗೊತ್ತು. 2020ರ ಜುಲೈನಲ್ಲಿ ಹೆರೆಸ್ ಟ್ರ್ಯಾಕ್‌ನಲ್ಲಿ ಬಿದ್ದು ಬಲ ತೋಳಿನ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಪ್ಲೇಟ್ ಹಾಕಿದ ಕೆಲವೇ ದಿನಕ್ಕೆ ಮತ್ತೆ ಬೈಕ್ ಹತ್ತಿದರು, ಆಗಲಿಲ್ಲ. ಆಮೇಲೆ ಮನೆಯಲ್ಲಿ ಬಾಗಿಲು ತೆಗೆಯುವಾಗ ಆ ಪ್ಲೇಟೇ ಮುರೀತು. ಒಟ್ಟು ನಾಲ್ಕು ಆಪರೇಷನ್, ಕೊನೆಯದು 2022ರಲ್ಲಿ. 2019ರಲ್ಲಿ ಚಾಂಪಿಯನ್ ಆಗಿದ್ದವರು ಮತ್ತೆ ಚಾಂಪಿಯನ್ ಆಗಿದ್ದು 2025ರಲ್ಲಿ. ಜಗತ್ತಿನ ಅತ್ಯುತ್ತಮ ಡಾಕ್ಟರು, ಬೇಕಾದಷ್ಟು ದುಡ್ಡು ಇದ್ದವರಿಗೇ ಹೀಗಾಯ್ತು. ಫಿಸಿಯೋಥೆರಪಿಗೆ ಜಿಲ್ಲಾ ಕೇಂದ್ರಕ್ಕೆ ಬಸ್ಸಲ್ಲಿ ಹೋಗಿ ಬರಬೇಕಾದ ನಮ್ಮ ಹುಡುಗ ಎರಡು ಸಲ ಹೋಗಿ ಮೂರನೇ ಸಲ ಬಿಟ್ಟುಬಿಡ್ತಾನೆ. ಭುಜ ಪೂರ್ತಿ ತಿರುಗದಿದ್ದರೆ ಮನಸ್ಸಿಗೆ ಎಷ್ಟು ಸಮಾಧಾನ ಹೇಳಿಯೂ ಪ್ರಯೋಜನ ಇಲ್ಲ. ಕೈ ನಂಬೋ ಹಾಗಿಲ್ಲ ಅಂತ ದೇಹಕ್ಕೆ ಗೊತ್ತಿರುತ್ತೆ.

ನಮ್ಮ ರಾಜ್ಯದವರನ್ನೇ ನೋಡಿ. ಬಿಗ್ ಬಾಸ್ ಕನ್ನಡ ಎಂಟನೇ ಸೀಸನ್‌ನಲ್ಲಿ ರನ್ನರ್ ಅಪ್ ಆದ ಕೆ.ಪಿ. ಅರವಿಂದ್ ಮನೆಮನೆಗೂ ಗೊತ್ತು. ಅದಕ್ಕೆ ಮೊದಲು ಅವರು ಡಕಾರ್ ರ‍್ಯಾಲಿ ಸವಾರ ಅನ್ನೋದು ಎಷ್ಟು ಜನಕ್ಕೆ ಗೊತ್ತಿತ್ತು? 2017ರಲ್ಲಿ ಮೊದಲ ಡಕಾರ್, ಮುಗಿಸೋಕೆ ಆಗಲಿಲ್ಲ. 2018ರಲ್ಲೂ ಬಿದ್ದು ಅರ್ಧಕ್ಕೇ ಹೊರಗೆ. 2019ರಲ್ಲಿ 37ನೇ ಸ್ಥಾನದಲ್ಲಿ ಮುಗಿಸಿದರು. 37 ಅಂದ್ರೆ ನಮ್ಮೂರ ಕಟ್ಟೆ ಮೇಲೆ ಕೂತವರಿಗೆ ಏನೂ ಅಲ್ಲ. ಎರಡು ಸಲ ಅರ್ಧದಲ್ಲಿ ನಿಂತವನಿಗೆ ಕೊನೆ ತನಕ ಹೋಗೋದೇ ದೊಡ್ಡ ಗೆಲುವು.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರದ್ದು. 2017ರಲ್ಲಿ ಕಾಲರ್ ಬೋನ್ ಮುರಿದು ಪ್ಲೇಟ್ ಹಾಕಿಸಿಕೊಂಡರು. 2018ರಲ್ಲಿ ಸ್ಪೇನ್‌ನ ಬಾಹಾ ಅರಗಾನ್ ರೇಸ್‌ನಲ್ಲಿ ಬಿದ್ದು ಹೊಟ್ಟೆಯೊಳಗೆ ಮೇದೋಜೀರಕ ಗ್ರಂಥಿಗೇ ಪೆಟ್ಟಾಯ್ತು. ಮರುವರ್ಷ ಅದೇ ರೇಸ್‌ಗೆ ವಾಪಸ್ ಹೋದರು. ಅಲ್ಲಿ ಬಂದಿದ್ದು ಐದನೇ ಸ್ಥಾನ. ದುಬೈನಲ್ಲಿ ಮೊದಲ ಸ್ಥಾನ ಬಂದಿತ್ತು, ಉಳಿದ ರೇಸ್‌ಗಳಲ್ಲೂ ಪಾಯಿಂಟ್ ಕೂಡಿಕೊಂಡು 2019ರ ಎಫ್‌ಐಎಂ ಬಾಹಾ ವಿಶ್ವಕಪ್ ಮಹಿಳಾ ವಿಭಾಗದ ಚಾಂಪಿಯನ್ ಆದರು. ಬಿದ್ದ ಜಾಗದಲ್ಲೇ ಗೆದ್ದು ತೋರಿಸ್ತೀನಿ ಅಂತ ಹೊರಟು ಮತ್ತೆ ಬಿದ್ದಿದ್ದರೆ ಆ ಕಪ್ ಬರ್ತಿರಲಿಲ್ಲ. ಅಲ್ಲಿ ಸುಮ್ಮನೆ ಮುಗಿಸಿ ಬಂದಿದ್ದಕ್ಕೂ ಪಾಯಿಂಟ್ ಇತ್ತು.

ಹಾಗಾದ್ರೆ ಶುರು ಎಲ್ಲಿಂದ?

ಮೊದಲು ಯಾಕೆ ಬಿದ್ದೆ ಅಂತ ಗೊತ್ತಾಗಬೇಕು. ‘ಗ್ರಹಚಾರ’ ಅಂತ ಹೇಳಿ ಮುಗಿಸಿದವನಿಗೆ ಪ್ರತಿ ತಿರುವೂ ಅನುಮಾನವೇ. ವಿಡಿಯೋ ಹೇಗೂ ಇರುತ್ತೆ, ನಿಧಾನ ಮಾಡಿ ಹತ್ತು ಸಲ ನೋಡಿ. ಟೈರ್‌ನಲ್ಲಿ ಗಾಳಿ ಎಷ್ಟಿತ್ತು, ಬ್ರೇಕ್ ತಿರುವಿಗೆ ಮೊದಲು ಹಿಡಿದೆಯಾ ಒಳಗೆ ಹೋದ ಮೇಲೆ ಹಿಡಿದೆಯಾ, ಕಣ್ಣು ಎಲ್ಲಿತ್ತು? ತಿರುವಿನ ಒಳಗೆ ಮುಂದಿನ ಬ್ರೇಕ್ ಹಿಡಿದಿದ್ದೇ ಕಾರಣ ಅಂತ ಗೊತ್ತಾದರೆ ಭಯ ಆ ಒಂದು ಕೆಲಸಕ್ಕೆ ಸೀಮಿತ ಆಗುತ್ತೆ. ಅದನ್ನ ಅಭ್ಯಾಸ ಮಾಡಿ ತಿದ್ದಬಹುದು.

ಆಮೇಲೆ ಖಾಲಿ ಮೈದಾನ. ಎರಡು ಹಳೇ ಟೈರ್ ಇಟ್ಟು ಎಂಟರ ಆಕಾರದಲ್ಲಿ ನಿಧಾನಕ್ಕೆ ಸುತ್ತೋದು. ನೋಡೋಕೆ ಡ್ರೈವಿಂಗ್ ಲೈಸೆನ್ಸ್ ಟೆಸ್ಟ್ ತರ ಇರುತ್ತೆ, ಪಕ್ಕದಲ್ಲಿ ಕ್ರಿಕೆಟ್ ಆಡೋ ಮಕ್ಕಳು ನಗ್ತಾರೆ ಕೂಡ. ಆದ್ರೆ ಕುತ್ತಿಗೆ ತಿರುಗಿಸಿ ಮುಂದಿನ ಟೈರ್ ಕಡೆ ನೋಡೋದು, ಮೊಣಕೈ ಸಡಿಲ ಬಿಡೋದು, ಉಸಿರು ಬಿಗಿ ಹಿಡಿಯದೇ ಇರೋದು ಇಲ್ಲೇ ವಾಪಸ್ ಬರೋದು. ಉಸಿರಿನದ್ದು ಸಣ್ಣ ವಿಷಯ ಅನ್ನಿಸಬಹುದು. ಹೆಲ್ಮೆಟ್ ಒಳಗೆ ಗಟ್ಟಿಯಾಗಿ ಹಾಡು ಗುನುಗಿಕೊಂಡು ಓಡಿಸಿ ನೋಡಿ: ಹಾಡು ಎಲ್ಲಿ ನಿಲ್ಲುತ್ತೋ ಅಲ್ಲೇ ನಿಮ್ಮ ಭಯ ಇದೆ.

ಟ್ರ್ಯಾಕ್‌ಗೆ ಇಳಿದಾಗ ಮೊದಲು ಒಬ್ಬನೇ, ಆಮೇಲೆ ಹಿಂದೆ ಒಬ್ಬ ಗೆಳೆಯ, ಕೊನೆಗೆ ಗುಂಪಿನ ಜೊತೆ ಸ್ಟಾರ್ಟ್. ಮೊಬೈಲ್‌ನಲ್ಲಿ ಲ್ಯಾಪ್ ಸಮಯ ಹಿಡಿಯೋಕೆ ಒಬ್ಬರು ಬೇಕು. ಇಲ್ಲಿ ನೋಡಬೇಕಾದ್ದು ಅತಿ ವೇಗದ ಲ್ಯಾಪ್ ಯಾವುದು ಅಂತ ಅಲ್ಲ, ಹತ್ತು ಲ್ಯಾಪ್ ಹೆಚ್ಚು ಕಮ್ಮಿ ಒಂದೇ ಸಮಯಕ್ಕೆ ಬರ್ತಿದೆಯಾ ಅಂತ. ಒಂದು ಲ್ಯಾಪ್ ಜೋರು, ಮುಂದಿನದ್ದು ನಿಧಾನ ಆದ್ರೆ ಅವನು ಇನ್ನೂ ಅದೃಷ್ಟದ ಮೇಲೆ ಓಡಿಸ್ತಿದ್ದಾನೆ ಅಂತ ಅರ್ಥ. ಹತ್ತೂ ಒಂದೇ ತರ ಬಂದ ಮೇಲೆ ಸ್ವಲ್ಪ ಏರಿಸೋದು. ಸ್ವಲ್ಪ ಅಂದ್ರೆ ಸ್ವಲ್ಪವೇ. ವಾಪಸ್ ಬಂದ ಮೊದಲ ರೇಸ್‌ಗೆ ಮುಗಿಸಿ ಬರೋದೊಂದೇ ಗುರಿ ಇಟ್ಟುಕೊಳ್ಳೋದು ಒಳ್ಳೇದು.

ತಲೆಗೆ ಪೆಟ್ಟಾಗಿದ್ದರೆ ಮಾತ್ರ ಈ ಲೆಕ್ಕ ಯಾವುದೂ ನಡೆಯಲ್ಲ. 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕೂಡ ಬೆಂಗಳೂರಿನವರೇ. 2021ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಡಕಾರ್‌ನಲ್ಲಿ ಬಿದ್ದಾಗ ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿ ಇಡಬೇಕಾಯ್ತು. ಅಷ್ಟು ದೊಡ್ಡ ಪೆಟ್ಟೇ ಆಗಬೇಕಂತಿಲ್ಲ. ತಲೆ ಸುತ್ತು, ವಾಂತಿ, ಬೆಳಕು ಕಂಡ್ರೆ ಆಗದಿರೋದು, ಮರೆವು ಇದ್ದರೆ ಆ ದಿನ ಬೈಕ್ ಮುಟ್ಟಲೇಬಾರದು, ಡಾಕ್ಟರ ಹತ್ತಿರ ಹೋಗಬೇಕು. ಆಟಕ್ಕೆ ವಾಪಸ್ ಬರೋದನ್ನ ಹಂತ ಹಂತವಾಗಿ ಮಾಡಿಸ್ತಾರೆ, ಒಂದೊಂದು ಹಂತಕ್ಕೂ ಕನಿಷ್ಠ 24 ಗಂಟೆ ಬಿಟ್ಟು. ಬಿದ್ದಾಗ ಹಾಕಿದ್ದ ಹೆಲ್ಮೆಟ್ ಹೊರಗಿಂದ ಚೆನ್ನಾಗಿ ಕಂಡ್ರೂ ಎಸೆಯಬೇಕು. ಒಳಗಿನ ಥರ್ಮಾಕೋಲ್ ತರದ ಪದರ ಒಂದು ಸಲ ಒತ್ತಿ ಹೋದರೆ ಎರಡನೇ ಏಟು ತಡೆಯಲ್ಲ. ಅದನ್ನ ತಮ್ಮನಿಗೆ ಕಾಲೇಜಿಗೆ ಹಾಕ್ಕೊಂಡು ಹೋಗೋಕೆ ಕೊಡೋರು ನಮ್ಮಲ್ಲಿ ಇದ್ದಾರೆ, ದಯವಿಟ್ಟು ಬೇಡ.

ಸ್ಪಾನ್ಸರ್ ಅಂಗಡಿಯವರಿಗೆ, ಮನೆಯವರಿಗೆ

ಜೆರ್ಸಿಗೆ ದುಡ್ಡು ಕೊಟ್ಟ ಅಣ್ಣಂದಿರು ‘ಈ ಸಲ ಕಪ್ ಗ್ಯಾರಂಟಿ ತಾನೇ?’ ಅಂತ ತಮಾಷೆಗೇ ಕೇಳ್ತಾರೆ. ಬಿದ್ದು ಬಂದ ಹುಡುಗನ ತಲೆಯಲ್ಲಿ ಅದು ತಮಾಷೆಯಾಗಿ ಉಳಿಯಲ್ಲ. ಕೊಡೋದಿದ್ರೆ ಹೊಸ ಹೆಲ್ಮೆಟ್‌ಗೋ ಫಿಸಿಯೋ ಫೀಸ್‌ಗೋ ಕೊಡಿ, ಬ್ಯಾನರ್ ಮುಂದಿನ ವರ್ಷಕ್ಕಾಯ್ತು. ಮನೆಯವರು ಬೈಕ್ ಮಾರಿಬಿಡು ಅನ್ನೋದರಲ್ಲೂ ತಪ್ಪಿಲ್ಲ, ಆಸ್ಪತ್ರೆ ಬಿಲ್ ಕಟ್ಟಿದ್ದು ಅವರು. ರೇಸ್ ಸಾಕು ಅಂತ ಹುಡುಗನೇ ತೀರ್ಮಾನ ಮಾಡಿದರೆ ಅದೂ ಮರ್ಯಾದೆಯ ತೀರ್ಮಾನವೇ. ತೊಂದರೆ ಇರೋದು ಮನೆಯಲ್ಲಿ ಬಿಟ್ಟೆ ಅಂತ ಹೇಳಿ, ಭಯ ಹೋಗಿದೆಯಾ ಅಂತ ರಾತ್ರಿ ಹತ್ತರ ಮೇಲೆ ಬೈಪಾಸ್‌ನಲ್ಲಿ ಪರೀಕ್ಷೆ ಮಾಡೋಕೆ ಹೋಗೋರದ್ದು. ಅಲ್ಲಿ ಎದುರಿಗೆ ಬರೋದು ಮರಳು ಲಾರಿ.

ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, 10,000 ರೂಪಾಯಿ ದಂಡ. ಸಾಮಾನ್ಯ ಬೈಕ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ರೇಸ್ ಮತ್ತು ವೇಗ ಪರೀಕ್ಷೆಗೆ ರಕ್ಷಣೆ ಇರಲ್ಲ, ಅದು ಟ್ರ್ಯಾಕ್ ಆದರೂ ಅಷ್ಟೇ, ಬೈಪಾಸ್ ಆದರೂ ಅಷ್ಟೇ. ಈ ಸೀಸನ್‌ಗೆ ಹೆಸರು ಕೊಡೋಕೆ ಮೊದಲು ಆಯೋಜಕರನ್ನ ಮೂರು ವಿಷಯ ಕೇಳಿ: ಎಫ್‌ಎಂಎಸ್‌ಸಿಐ ಅನುಮತಿ ಇದೆಯಾ, ಟ್ರ್ಯಾಕ್ ಪಕ್ಕ ಆಂಬುಲೆನ್ಸ್ ಜೊತೆ ಡಾಕ್ಟರೂ ಇರ್ತಾರಾ, ಸವಾರರಿಗೆ ಅಪಘಾತ ವಿಮೆ ಮಾಡಿಸಿದ್ದಾರಾ. ಉತ್ತರ ‘ನೋಡೋಣ’ ಅಂತ ಬಂದ್ರೆ ಎಂಟ್ರಿ ಫೀ ಜೇಬಲ್ಲೇ ಇಟ್ಕೊಂಡು ಮುಂದಿನ ರೇಸ್‌ಗೆ ಕಾಯಬಹುದು.